ಮೆಲ್ಲಗೆ ಅಲುಗಿಸುವುದೇ ಕಷ್ಟ

ಫೋನಿನ ಒಳಗೆ ಅಲುಗಾಟವನ್ನೂ ಗುರುತ್ವವನ್ನೂ ಅಳೆಯುವ ಒಂದು ಸೆನ್ಸರ್ (ಅಕ್ಸೆಲೆರೋಮೀಟರ್) ಇರುತ್ತದೆ, ಅದರ ಅಂಕಿಗಳನ್ನು ತೋರಿಸುವ ಆಪ್ ಇದ್ದರೆ ಇದನ್ನು ನೀವೂ ಮಾಡಿ ನೋಡಿ. ನಿನ್ನೆ ರಾತ್ರಿ ಬೆಂಗಳೂರಿನ ನಮ್ಮ ಮನೆಯಲ್ಲಿ ಊಟದ ಟೇಬಲ್ ಮೇಲೆ ಫೋನು ಸುಮ್ನೆ ಮಲಗಿಸಿದೆ. 9.86 ಎಂದಿತು (ಲೆಕ್ಕ ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ). ರೆಕಾರ್ಡ್ ಒತ್ತಿ ಬೋರಲು ಹಾಕಿ ಆಮೇಲೆ ನೋಡಿದರೆ ಮೈನಸ್ 9.70. ಎರಡನ್ನೂ ಕೂಡಿ ಅರ್ಧ ಮಾಡಿದರೆ 0.08, ಅಂದರೆ ಸೊನ್ನೆಯೇ ಅಷ್ಟು ಸರಿದಿದೆ, ಖಾಲಿ ತಟ್ಟೆಗೇ 20 ಗ್ರಾಂ ತೋರಿಸುವ ಅಂಗಡಿ ತಕ್ಕಡಿಯ ಹಾಗೆ. ಒಂದರಲ್ಲಿ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ 9.78. ನಮ್ಮೂರಿನ ಗುರುತ್ವ ಸುಮಾರು ಅಷ್ಟೇ. ಶಾಲೆಯಲ್ಲಿ ಕಲಿತ 9.81 ಇಲ್ಲಿ ಸಿಗುವುದಿಲ್ಲ, ಯಾಕೆಂದರೆ ನಾವು ಸಮಭಾಜಕಕ್ಕೆ ಹತ್ತಿರ ಇದ್ದೇವೆ, ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ.

ಟೇಬಲ್ ಒಂದು ಡಿಗ್ರಿ ವಾಲಿದ್ದರೂ ಈ ಲೆಕ್ಕ ಕೆಡುವುದಿಲ್ಲ. ಆದರೆ ಅಡ್ಡಡ್ಡ ಅಳೆಯುವ ಸೆನ್ಸರಿಗೆ ಅದೇ ಒಂದು ಡಿಗ್ರಿ 0.17ರಷ್ಟು ಸುಳ್ಳು ಹೇಳಿಸುತ್ತದೆ. ಈ ವಿಷಯ ನೆನಪಿರಲಿ.

ಇದು ನಿಂತ ಸೆನ್ಸರಿನ ಮಾತಾಯಿತು. ಅಲುಗುವಾಗ ಸರಿ ಹೇಳುತ್ತದಾ ಅಂತ ನೋಡಲು ಅಲುಗಿಸಲೇಬೇಕು ಅಲ್ವಾ? ಸೆಕೆಂಡಿಗೆ 100 ಸಲ ಅಲುಗಿಸಿ ಗುರುತ್ವದಷ್ಟು ಜೋರು ಬರಿಸಲು ಆಚೆಗೂ ಈಚೆಗೂ 0.025 ಮಿಲಿಮೀಟರ್ ಸಾಕು, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸೆಕೆಂಡಿಗೆ ಒಂದೇ ಸಲ ಅಂದರೆ 25 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಜಾಸ್ತಿ. 10 ಸೆಕೆಂಡಿಗೆ ಒಂದು ಸಲ ಅಂದರೆ 25 ಮೀಟರ್! ಅಷ್ಟುದ್ದದ ಯಂತ್ರವನ್ನು ಯಾವ ಲ್ಯಾಬಿನಲ್ಲಿ ಇಡುವುದು? ಆದರೆ 30 ಮಹಡಿಯ ಕಟ್ಟಡ ಒಂದು ಸಲ ತೂಗಲು ಸುಮಾರು 3 ಸೆಕೆಂಡು ಬೇಕು, ಕಟ್ಟಡದ ತೂಗಾಟ ಅಳೆಯುವ ಸೆನ್ಸರನ್ನು ಪರೀಕ್ಷಿಸಲು ನಮಗೆ ಬೇಕಾದದ್ದು ಇಂಥ ನಿಧಾನದ ಅಲುಗಾಟವೇ.

ಹಾಗಾಗಿ ಹಳಿಯ ಮೇಲೆ 25 ಸೆಂಟಿಮೀಟರ್ ಮಾತ್ರ ಓಡಿಸಿ, ಎಷ್ಟು ದೂರ ಹೋಯಿತೆಂದು ಲೇಸರ್‌ನಿಂದ ಅಳೆಯುತ್ತಾರೆ. 10 ಸೆಕೆಂಡಿನ ಅಲುಗಾಟದಲ್ಲಿ ಆಗ ಸಿಗುವುದು ಗುರುತ್ವದ ನೂರರಲ್ಲಿ ಒಂದು ಪಾಲು. ಆ ಹಳಿ ಓಟದ ತುದಿಯಲ್ಲಿ 0.1 ಡಿಗ್ರಿ ವಾಲಿತು ಅನ್ನಿ, ಅಷ್ಟರಿಂದಲೇ 17% ತಪ್ಪು ನುಗ್ಗುತ್ತದೆ. ಸೆನ್ಸರಿಗೆ ವಾಲುವುದು ಯಾವುದು, ಓಡುವುದು ಯಾವುದು ಎಂಬ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನನಗೆ ತುಂಬಾ ಇಷ್ಟವಾದ ಉಪಾಯ ಇಲ್ಲೇ ಇದೆ. ಹಾಳು ಮಾಡುವ ಗುರುತ್ವವನ್ನೇ ಕೆಲಸಕ್ಕೆ ಹಚ್ಚುವುದು. ಗೋಡೆ ಗಡಿಯಾರದಂತೆ ನಿಂತ ಚಕ್ರದ ನಡುವಿಗೆ ಸೆನ್ಸರ್ ಕಟ್ಟಿ, 10 ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ. ಅಂಕಿ 9.78ಕ್ಕೆ ಏರಿ, ಸೊನ್ನೆಗೆ ಬಂದು, ಮೈನಸ್ 9.78ಕ್ಕೆ ಇಳಿದು, ಮತ್ತೆ ಏರುತ್ತದೆ. 25 ಮೀಟರಿನ ಓಟ ಒಂದು ತಟ್ಟೆಯಷ್ಟು ಜಾಗದಲ್ಲಿ ಮುಗಿಯಿತು!

ಕೊನೆಗೆ ಉಳಿಯುವುದು ಸೆನ್ಸರಿನ ಸ್ವಂತ ಗದ್ದಲ, ಅಂದರೆ ಏನೂ ಅಲುಗದಿದ್ದರೂ ಅದರ ಅಂಕಿ ತಾನಾಗಿ ನಡುಗುವುದು. ಅದನ್ನು ಅಳೆಯಲು ನೆಲ ಸುಮ್ಮನಿರಬೇಕು. ಬಸ್ಸು, ಲಾರಿ, ಮೆಟ್ರೋ ಓಡುವ ನಮ್ಮೂರಿನ ನೆಲ ಹಗಲಲ್ಲಿ ಸುಮ್ಮನಿರುವುದೇ ಇಲ್ಲ. ದೂರದ ಭೂಕಂಪಗಳನ್ನು ಆಲಿಸುವ ಸೆನ್ಸರುಗಳ ಸಾಲನ್ನು 1960ರ ದಶಕದಲ್ಲಿ ಹಾಕಿದ್ದು ನಗರದಲ್ಲಲ್ಲ, ಗೌರಿಬಿದನೂರಿನ ಬಂಡೆನೆಲದಲ್ಲಿ. ನಗರದಲ್ಲೇ ಮಾಡಬೇಕಾದರೆ ನಡುರಾತ್ರಿ ಎರಡು ಸೆನ್ಸರುಗಳನ್ನು ಒಂದಕ್ಕೊಂದು ಒತ್ತಿ ನೆಲದ ಮೇಲಿಟ್ಟು, ಫ್ಯಾನ್ ಆರಿಸಿ, ಕೋಣೆಯಿಂದ ಹೊರಗೆ ಬನ್ನಿ. ಬೆಳಿಗ್ಗೆ ಎರಡರಲ್ಲೂ ಒಂದೇ ತರ ಕಂಡದ್ದು ನೆಲದ್ದು. ಬೇರೆಬೇರೆ ಕಂಡದ್ದು ಸೆನ್ಸರಿನದು.