ಮೂಕಿ ಚಿತ್ರಗಳ ಮೆಲೋಡ್ರಾಮಾ ಎಂದರೇನು?

‘ಮೆಲೋಡ್ರಾಮಾ’ ಎಂದರೆ ಸುಮ್ನೆ ಗೋಳಾಟ, ಅತಿ ನಟನೆ ಎಂದುಕೊಳ್ಳುವವರೇ ಜಾಸ್ತಿ. ಆದರೆ ಸಿನಿಮಾದಲ್ಲಿ ಅದು ಕಥೆ ಕಟ್ಟುವ ಒಂದು ರೀತಿ. ತಪ್ಪು ಮಾಡದವರು ನೋವು ತಿನ್ನುತ್ತಾರೆ. ಅವರದು ತಪ್ಪಿಲ್ಲವೆಂದು ನಮಗೆ ಗೊತ್ತು, ಕಥೆಯೊಳಗಿನ ಊರಿಗೆ ಗೊತ್ತಿಲ್ಲ. ನಿಜ ಹೊರಬರುವುದು ತಡವಾದಷ್ಟೂ ನಮಗೆ ಸಂಕಟ. ಮೂಕಿ ಚಿತ್ರದಲ್ಲಿ ಆ ಸಂಕಟವನ್ನು ಮುಖ, ಗಾಳಿ, ನೀರೇ ಹೇಳಬೇಕು.

ಗ್ರಿಫಿತ್ ನಿರ್ದೇಶನದ ‘ವೇ ಡೌನ್ ಈಸ್ಟ್’ (1920) ಇದರ ನೇರ ಮಾದರಿ. ಬಡ ಹುಡುಗಿ ಅನ್ನಾಳನ್ನು ಸಿರಿವಂತನೊಬ್ಬ ಸುಳ್ಳು ಮದುವೆಯಾಗಿ ವಂಚಿಸುತ್ತಾನೆ. ಬಸುರಿಯಾದಾಗ ಕೈಬಿಡುತ್ತಾನೆ. ಮಗು ಉಳಿಯುವುದಿಲ್ಲ. ಅವಳು ಕೆಲಸಕ್ಕೆ ಸೇರಿದ ರೈತನ ಮನೆಯ ಹತ್ತಿರವೇ ಆ ವಂಚಕನ ವಾಸ! ಹಳೆಯ ವಿಷಯ ತಿಳಿದ ಯಜಮಾನ ಅವಳನ್ನು ಹಿಮಬಿರುಗಾಳಿಗೆ ದೂಡುತ್ತಾನೆ. ಹೋಗುವ ಮುನ್ನ ಅವಳು ಊಟದ ಮೇಜಿನಲ್ಲೇ ಕೂತಿದ್ದ ವಂಚಕನತ್ತ ಬೆರಳು ತೋರಿಸುತ್ತಾಳೆ. ಆಮೇಲೆ ಒಡೆದ ಹಿಮಗಡ್ಡೆಯ ಮೇಲೆ ಎಚ್ಚರತಪ್ಪಿ ಜಲಪಾತದ ಕಡೆಗೆ ತೇಲುತ್ತಾಳೆ. ಅನ್ನಾ ಪಾತ್ರದ ಲಿಲಿಯನ್ ಗಿಶ್ ನಿಜವಾದ ಹಿಮದ ಮೇಲೇ ಮಲಗಿ, ಕೊರೆಯುವ ನೀರಿನಲ್ಲಿ ಕೈ ಇಳಿಬಿಟ್ಟು ನಟಿಸಿದರು. ನಡುವಿನ ಹಳ್ಳಿ ಹಾಸ್ಯ ಮಾತ್ರ ಬೇಸರ ತರಿಸುತ್ತದೆ.

ಮುರ್ನಾವ್ ನಿರ್ದೇಶನದ ‘ಸನ್‌ರೈಸ್’ (1927) ಚಿತ್ರದಲ್ಲಿ ಕೇಡು ಗಂಡನ ಮನಸ್ಸಿನೊಳಗೇ ಇದೆ. ಪೇಟೆಯ ಹೆಂಗಸಿನ ಮೋಹಕ್ಕೆ ಬಿದ್ದ ರೈತ, ಅವಳ ಮಾತು ಕೇಳಿ ಹೆಂಡತಿಯನ್ನು ಸರೋವರದಲ್ಲಿ ಮುಳುಗಿಸಲು ಹೊರಡುತ್ತಾನೆ. ‘ಮುಳುಗಿಸಿದರೆ?’ ಎಂಬರ್ಥದ ಬರಹ ತೆರೆಯ ಮೇಲೆ ತಾನೇ ಕೆಳಕ್ಕೆ ಇಳಿದುಹೋಗುತ್ತದೆ! ದೋಣಿಯಲ್ಲಿ ಅವಳು ಕೈಮುಗಿದಾಗ ಅವನಿಗೆ ಕೈಯೇಳುವುದಿಲ್ಲ. ದಡ ಸೇರಿದೊಡನೆ ಅವಳು ಹೆದರಿ ಓಡಿ ಟ್ರಾಮ್ ಹತ್ತುತ್ತಾಳೆ, ಅವನೂ ಹಿಂದೆಯೇ ಹೋಗುತ್ತಾನೆ. ಪೇಟೆಯ ಚರ್ಚಿನಲ್ಲಿ ಬೇರೆ ಯಾರದೋ ಮದುವೆ ನೋಡುತ್ತಾ ಕುಸಿದು ಅಳುತ್ತಾನೆ. ಆಮೇಲೆ ಬಹಳ ಹೊತ್ತು ಏನೂ ನಡೆಯುವುದಿಲ್ಲ. ಕ್ಷೌರ, ಫೋಟೊ, ಜಾತ್ರೆಯಂಥ ಜಾಗದಲ್ಲಿ ಕುಣಿತ, ಅಷ್ಟೆ. ನನಗೆ ಇಡೀ ಚಿತ್ರದಲ್ಲಿ ಇಷ್ಟವಾದ ಭಾಗ ಇದೇ. ವಾಪಸು ಬರುವಾಗ ಬಿರುಗಾಳಿ. ಹೆಂಡತಿಯನ್ನು ಕೊಂದು ತಾನು ಈಜಿ ಪಾರಾಗಲು ಬಚ್ಚಿಟ್ಟಿದ್ದ ಜೊಂಡಿನ ಕಟ್ಟನ್ನು ಈಗ ಅವಳಿಗೇ ಕಟ್ಟುತ್ತಾನೆ.

ಗ್ರಿಫಿತ್ ಚಿತ್ರದಲ್ಲಿ ಕೆಟ್ಟವನನ್ನು ಕಂಡರೆ ಶಾಪ ಹಾಕಬಹುದು, ಆ ಸುಖವೇ ಬೇರೆ. ಮುರ್ನಾವ್ ಚಿತ್ರದಲ್ಲಿ ಅಷ್ಟು ಸುಲಭವಿಲ್ಲ. ಕೊಲ್ಲಲು ಹೊರಟವನೇ, ಬಿರುಗಾಳಿಯಲ್ಲಿ ಕಾಣೆಯಾದ ಹೆಂಡತಿಗಾಗಿ ಕಂದೀಲು ಹಿಡಿದು ಕೂಗುವಾಗ ಅವನ ಮೇಲೂ ಕನಿಕರ ಬರುತ್ತದೆ. ಅವಳು ಅಷ್ಟು ಬೇಗ ಕ್ಷಮಿಸಬಾರದಿತ್ತು ಎಂದು ಇಂದಿನವರು ಕೇಳಿದರೆ ತಪ್ಪಿಲ್ಲ. ಹೆಂಡತಿಯ ಪಾತ್ರದ ಜಾನೆಟ್ ಗೇನರ್ ಮುಖ ನೋಡಿದರೆ ಆ ಪ್ರಶ್ನೆ ಸ್ವಲ್ಪ ಹೊತ್ತು ಮರೆತುಹೋಗುತ್ತದೆ, ಅಷ್ಟೆ.