ಟಿವಿ ಪ್ರಾಜೆಕ್ಟ್ ಶುರು ಮಾಡುವ ಮೊದಲು ಮುತ್ಯಾನನ್ನು ಕೇಳಿ

ಕೊನೆಯ ಸೆಮಿಸ್ಟರ್ ಬಂತೆಂದರೆ ಕಲಬುರಗಿಯ ನನ್ನ ಪತ್ರಿಕೋದ್ಯಮ ವಿದ್ಯಾರ್ಥಿಗಳು ಟಿವಿ ಚಾನೆಲ್ ಮೇಲೆ ಪ್ರಾಜೆಕ್ಟ್ ಮಾಡುತ್ತೇವೆ ಎಂದು ಬರುತ್ತಾರೆ. ವಿಷಯ ತುಂಬಾ ದೊಡ್ಡದಿರುತ್ತದೆ: ‘ಕನ್ನಡ ವಾಹಿನಿಗಳು ಮತ್ತು ಸಮಾಜ’. ಮೊದಲ ಅಧ್ಯಾಯದ ಮೊದಲ ಸಾಲು ಮಾತ್ರ ಎಲ್ಲರದ್ದೂ ಒಂದೇ. ಕರ್ನಾಟಕಕ್ಕೆ ಟಿವಿ ಬಂದದ್ದು 1981ರಲ್ಲಿ, ಬೆಂಗಳೂರು ದೂರದರ್ಶನದ ಜೊತೆ ಅಂತ.

ನಾನು ಅಲ್ಲೇ ತಡೆಯುತ್ತೇನೆ. ಬೆಂಗಳೂರಿನಲ್ಲಿ ದೂರದರ್ಶನ 1981ರಲ್ಲಿ ಶುರುವಾದದ್ದು ನಿಜ. ಆದರೆ ಅದಕ್ಕೂ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಜನ ಟಿವಿ ಮುಂದೆ ಕೂತಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯದ ಮಾತು. ನಮ್ಮ ಭಾಗದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ. ಉಪಗ್ರಹ ಅತ್ತ ಸರಿದ ಮೇಲೆ, 1977ರಲ್ಲಿ ಗುಲ್ಬರ್ಗಾದಲ್ಲೇ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗಿಂತ ಮೊದಲು!

ಇದನ್ನು ಹೇಳಿದಾಗ ಈ ಸಲ ಚಿತ್ತಾಪುರ ಕಡೆಯ ಒಬ್ಬ ಹುಡುಗಿ ಎದ್ದು ನಿಂತು ತನ್ನ ಮುತ್ಯಾನ, ಅಂದರೆ ಅಜ್ಜನ, ಮಾತು ಹೇಳಿದಳು. “ಮೇಡಂ, ನಮ್ಮ ಮುತ್ಯಾ ಸಾಲಿ ಅಂಗಳದಾಗ ಟಿವಿ ನೋಡೀನಿ ಅಂತಾನ್ರಿ. ಮಾಳಿಗಿ ಮ್ಯಾಲ ಜಾಳಿದ್ದೊಂದು ದೊಡ್ಡ ಛತ್ರಿ ಇತ್ತಂತ. ನಾವು ಸುಳ್ಳು ಅಂತ ನಗ್ತಿದ್ವಿ.”

ಸುಳ್ಳಲ್ಲ. ಸೈಟ್ ಟಿವಿಗಳಿಗೆ ಕೋಳಿಗೂಡಿನ ತಂತಿ ಜಾಳಿಯಿಂದ ಮಾಡಿದ, ಹತ್ತು ಅಡಿ ಅಗಲದ ಆಂಟೆನಾ ಇರುತ್ತಿತ್ತು. ಆ ಮುತ್ಯಾ ಅವಳ ಪ್ರಾಜೆಕ್ಟಿನ ಅತಿ ಮುಖ್ಯ ಆಧಾರ. ಅವರು ಮನೆಯಲ್ಲೇ ಇದ್ದಾರೆ, ಅವಳು ಮಾತ್ರ ಗೂಗಲ್‌ನಲ್ಲಿ ಹುಡುಕುತ್ತಿದ್ದಳು.

ಹಿರಿಯರನ್ನು ಕೇಳುವುದಕ್ಕೂ ಒಂದು ಕ್ರಮ ಬೇಕು. “ಸೈಟ್ ಗೊತ್ತಾ?” ಅಂದರೆ ಯಾರಿಗೂ ಗೊತ್ತಿರುವುದಿಲ್ಲ. “ಮೊದಲ ಸಲ ಟಿವಿ ಎಲ್ಲಿ ನೋಡಿದ್ರಿ? ಯಾರು ಹಚ್ಚುತ್ತಿದ್ದರು? ಹೆಣ್ಣುಮಕ್ಕಳು ಎಲ್ಲಿ ಕೂಡುತ್ತಿದ್ದರು?” ಅಂತ ಕೇಳಿ. ಇಸವಿ ಕೇಳಬೇಡಿ. ಆಗ ಅವರಿಗೆ ಮದುವೆ ಆಗಿತ್ತಾ, ದೊಡ್ಡ ಮಗ ಹುಟ್ಟಿದ್ದನಾ ಅಂತ ಕೇಳಿ. ಎಂಬತ್ತರ ದಶಕದ ಭಾನುವಾರದ ಪೌರಾಣಿಕ ಧಾರಾವಾಹಿ ನೆನಪಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಅನೇಕರು ಅದನ್ನೇ ತಾವು ನೋಡಿದ ಮೊದಲ ಟಿವಿ ಅನ್ನುತ್ತಾರೆ. ಮಕ್ಕಳ ವಯಸ್ಸು ಲೆಕ್ಕ ಹಾಕಿದಾಗ ಎರಡೂ ಬೇರೆಯಾಗುತ್ತವೆ.

ಹಳೆಯ ದಾಖಲೆ ಹುಡುಕುವಾಗ ಊರಿನ ಹೆಸರಿನ ಬಗ್ಗೆ ಎಚ್ಚರ ಇರಲಿ. ‘ಕಲಬುರಗಿ’ ಎಂಬ ಅಧಿಕೃತ ಹೆಸರು ಬಂದದ್ದು 2014ರಲ್ಲಿ. ಸೈಟ್ ಕಾಲದಲ್ಲಿ ಯಾದಗಿರಿ ಗುಲ್ಬರ್ಗಾ ಜಿಲ್ಲೆಯಲ್ಲೇ ಇತ್ತು. ಹೊಸ ಹೆಸರು ಹಾಕಿ ಹುಡುಕಿ, ಏನೂ ಇಲ್ಲ ಅಂತ ಬರೆದವರು ನನ್ನ ಕ್ಲಾಸಿನಲ್ಲೇ ಇದ್ದಾರೆ.

ಇನ್ನು ಈಗಿನ ಚಾನೆಲ್‌ಗಳ ವಿಷಯ. ವಿದ್ಯಾರ್ಥಿಗಳು ಲೋಗೊ ನೋಡುತ್ತಾರೆ, ಮಾಲೀಕರನ್ನು ನೋಡುವುದಿಲ್ಲ. ಹೆಸರುಗಳು ಬದಲಾಗುತ್ತಿರುತ್ತವೆ. 2000ದಲ್ಲಿ ಶುರುವಾದ ಈಟಿವಿ ಕನ್ನಡವೇ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ಎರಡನ್ನೂ ಬೇರೆ ಬೇರೆ ಚಾನೆಲ್ ಎಂದು ಪಟ್ಟಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಮೊನ್ನೆ ಒಂದು ತಂಡ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದ ನಡುವಿನ ಪೈಪೋಟಿ ಬಗ್ಗೆ ಹತ್ತು ಪುಟ ಬರೆದಿತ್ತು. 2024ರ ನವೆಂಬರ್‌ನಲ್ಲಿ ವಯಾಕಾಮ್18 ಮತ್ತು ಸ್ಟಾರ್ ಇಂಡಿಯಾ ಒಂದಾದ ಮೇಲೆ ಆ ಎರಡೂ ಚಾನೆಲ್ ಜಿಯೋಸ್ಟಾರ್‌ ಎಂಬ ಒಂದೇ ಮನೆಯವು. ಹಾಗಾದರೆ ಅದು ಎಂಥ ಪೈಪೋಟಿ? ಅದೇ ಒಳ್ಳೆಯ ಪ್ರಾಜೆಕ್ಟ್ ಪ್ರಶ್ನೆ ಆಗಬಹುದಿತ್ತು. ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ತಾನು ಅನುಮತಿ ಕೊಟ್ಟ ಖಾಸಗಿ ಚಾನೆಲ್‌ಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದರಲ್ಲಿ ಚಾನೆಲ್ ಹೆಸರಿನ ಪಕ್ಕ ಕಂಪನಿಯ ಹೆಸರು ಇರುತ್ತದೆ. ಮೊದಲ ದಿನ ಮಾಡಬೇಕಾದ ಕೆಲಸ ಆ ಪಟ್ಟಿ ಓದುವುದು.

ನನ್ನ ಮಟ್ಟಿಗೆ ಜಾಸ್ತಿ ತಪ್ಪಾಗುವುದು ಟಿಆರ್‌ಪಿ, ಅಂದರೆ ಯಾವ ಚಾನೆಲನ್ನು ಎಷ್ಟು ಜನ ನೋಡುತ್ತಾರೆ ಎಂಬ ಲೆಕ್ಕದ ವಿಷಯದಲ್ಲಿ. ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ಚಾನೆಲ್ ಕೊಟ್ಟ ಬ್ರೋಷರ್ ನಂಬಿ, ಅದು ನಂಬರ್ ಒನ್ ಎಂದು ಬರೆದೆ. ವೈವಾ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಬಂತು: “ಯಾರ ನಡುವೆ, ಯಾವ ಹೊತ್ತಿನಲ್ಲಿ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ದಿನದಿಂದ ಈ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ಮೊದಲು ತಿಳಿಯದೆ ಅಂಕಿ ಬರೆಯಲು ಯಾರಿಗೂ ಬಿಟ್ಟಿಲ್ಲ.

ಅದು ಹುಟ್ಟುವುದು ಹೀಗೆ. 2015ರಿಂದ ನಮ್ಮಲ್ಲಿ ಈ ಅಂಕಿ ಕೊಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ಅದರ ವ್ಯವಸ್ಥೆಯಲ್ಲಿ ಚಾನೆಲ್‌ಗಳು ತಮ್ಮ ಧ್ವನಿಯೊಳಗೆ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತವೆ. ಆಯ್ದ ಮನೆಗಳಲ್ಲಿ ಇಟ್ಟ ಮೀಟರ್ ಆ ಗುರುತನ್ನು ಹಿಡಿಯುತ್ತದೆ. ಮನೆಯವರು ಟಿವಿ ಮುಂದೆ ಕೂತಾಗ ತಮ್ಮ ತಮ್ಮ ಬಟನ್ ಒತ್ತಬೇಕು. ದೇಶದಲ್ಲಿ ಮೀಟರ್ ಇರುವ ಮನೆ 50 ಸಾವಿರದ ಮೇಲಷ್ಟೇ. ಟಿವಿ ಇರುವ ಮನೆ ಸುಮಾರು 21 ಕೋಟಿ ಅಂತ ಬಾರ್ಕ್‌ನ 2020ರ ಅಂದಾಜು. ಅಂದರೆ ಟಿಆರ್‌ಪಿ ಒಂದು ಅಂದಾಜು, ತಲೆ ಎಣಿಕೆ ಅಲ್ಲ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡಿದ ಹಾಗೆ. ಅಗುಳು ಸರಿಯಾಗಿ ಆರಿಸಿದ್ದರೆ ಅದು ನಂಬುವಂಥದ್ದೇ. ಆದರೆ ಒಂದು ಪಾತ್ರೆಯ ಅಗುಳು ಹಿಚುಕಿ ಪಕ್ಕದ ಪಾತ್ರೆ ಬಗ್ಗೆ ಹೇಳಲಾಗದು. ಇಡೀ ರಾಜ್ಯದ ಅಂಕಿ ಇಟ್ಟುಕೊಂಡು ಕಲಬುರಗಿ ಜನ ಇದನ್ನೇ ನೋಡುತ್ತಾರೆ ಅಂತ ಬರೆಯಬೇಡಿ.

ಒಂದು ಚಾನೆಲ್ ಸಂಜೆ ಏಳರಿಂದ ಎಂಟರವರೆಗೆ ಮುಂದಿರಬಹುದು, ಇನ್ನೊಂದು ನಗರದ ಯುವಕರಲ್ಲಿ. ಇಬ್ಬರೂ ನಂಬರ್ ಒನ್ ಅನ್ನಬಹುದು. ಸೆಟ್ ಟಾಪ್ ಬಾಕ್ಸ್ ಹಚ್ಚಿದ ಕೂಡಲೇ ತಾನಾಗೇ ಕಾಣುವ ಚಾನೆಲ್ ಇರುತ್ತದಲ್ವಾ, ಅದಕ್ಕೆ ಲ್ಯಾಂಡಿಂಗ್ ಪೇಜ್ ಅಂತಾರೆ. ಆ ಜಾಗವೂ ಲೆಕ್ಕವನ್ನು ಹಿಗ್ಗಿಸಬಲ್ಲದು. 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿ ಚಾನೆಲ್‌ಗಳ ಬಿಡಿ ಬಿಡಿ ಅಂಕಿಯನ್ನೇ ಬಾರ್ಕ್ ನಿಲ್ಲಿಸಿತ್ತು. ಆ ಅವಧಿಯ ವಾರದ ಟಿಆರ್‌ಪಿ ಯಾರಾದರೂ ಪ್ರಾಜೆಕ್ಟಿನಲ್ಲಿ ಹಾಕಿದರೆ ಎಲ್ಲಿಂದ ಬಂತು ಅಂತ ನಾನು ಕೇಳಿಯೇ ಕೇಳುತ್ತೇನೆ. ಯೂಟ್ಯೂಬ್ ವ್ಯೂಸ್ ಬೇರೆಯದೇ ಲೆಕ್ಕ, ಅದನ್ನು ಇದರ ಜೊತೆ ಕೂಡಿಸಬಾರದು.

ಹಾಗಾದರೆ ಏನು ಮಾಡಬೇಕು? ಸುಮ್ನೆ ಕೂತು ನೋಡಬೇಕು. ಕೈಯಲ್ಲಿ ಗಡಿಯಾರ, ಮುಂದೆ ಒಂದು ನೋಟ್‌ಬುಕ್. ಪ್ರಶ್ನೆ ಸಣ್ಣದಿರಲಿ. ‘ರಾತ್ರಿಯ ಒಂದು ಗಂಟೆ ಅವಧಿಯ ಸುದ್ದಿಯಲ್ಲಿ ಬೀದರ್, ಕಲಬುರಗಿ, ಯಾದಗಿರಿಗೆ ಎಷ್ಟು ನಿಮಿಷ?’ ಇಷ್ಟು ಸಾಕು. ಜಾಹೀರಾತಿನ ಮೇಲೂ ಮಾಡಬಹುದು. ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು. ಅದರಲ್ಲಿ 10 ನಿಮಿಷ ಬೇರೆಯವರದ್ದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ. ಇದನ್ನು ಅಳೆಯಲು ಯಾರ ಅನುಮತಿಯೂ ಬೇಡ.

ಒಂದೇ ವಾರ ಕೂತು ನೋಡಬೇಡಿ. ಆ ವಾರ ಭೀಮಾ ನದಿಗೆ ನೆರೆ ಬಂದರೆ ನಮ್ಮ ಜಿಲ್ಲೆ ದಿನವಿಡೀ ಟಿವಿಯಲ್ಲಿ ಇರುತ್ತದೆ. ಈ ವಾರದ ಸೋಮವಾರ, ಮುಂದಿನ ವಾರದ ಮಂಗಳವಾರ, ಅದರ ಮುಂದಿನ ವಾರದ ಬುಧವಾರ, ಹೀಗೆ ಏಳು ವಾರದಲ್ಲಿ ಏಳು ದಿನ ಆರಿಸಿಕೊಳ್ಳಿ. ‘ಕಲಬುರಗಿ ಸುದ್ದಿ’ ಅಂದರೆ ಏನು ಎಂದು ಮೊದಲೇ ಬರೆದಿಡಿ. ಕೆಳಗೆ ಓಡುವ ಸಾಲು ಲೆಕ್ಕಕ್ಕೆ ಬರುತ್ತದಾ? ಬೆಂಗಳೂರಿನ ನಾಯಕರು ಇಲ್ಲಿಗೆ ಬಂದು ಅಲ್ಲಿಯ ರಾಜಕೀಯ ಮಾತಾಡಿದರೆ ಅದು ಎಲ್ಲಿಯ ಸುದ್ದಿ? ತೊಗರಿ ಬೆಲೆ ಬಗ್ಗೆ ಬೆಂಗಳೂರಿನ ಸ್ಟುಡಿಯೋದಲ್ಲಿ ಚರ್ಚೆ ನಡೆದರೆ? ಆಮೇಲೆ ಒಂದೇ ಅರ್ಧ ಗಂಟೆಯನ್ನು ಇಬ್ಬರು ಬೇರೆ ಬೇರೆ ಕೂತು ಲೆಕ್ಕ ಹಾಕಿ. ಇಬ್ಬರ ಲೆಕ್ಕ ತುಂಬಾ ಬೇರೆ ಬಂದರೆ ನಿಮ್ಮ ವ್ಯಾಖ್ಯೆ ಸರಿಯಿಲ್ಲ. ಈ ಜಗಳ ಆಡುವಾಗಲೇ ಹುಡುಗರು ನಿಜವಾಗಿ ಟಿವಿ ನೋಡಲು ಕಲಿಯುತ್ತಾರೆ. ನನಗೆ ಪಾಠದಲ್ಲಿ ತುಂಬಾ ಇಷ್ಟದ ದಿನ ಅದು.

ನಿಮ್ಮ ಓಣಿಯ ಕೇಬಲ್ ಅಣ್ಣನನ್ನೂ ಮಾತಾಡಿಸಿ. ಯಾರು ಯಾವ ಪ್ಯಾಕ್ ಹಾಕಿಸುತ್ತಾರೆ, ಯಾವುದನ್ನು ತೆಗೆಸುತ್ತಾರೆ ಎಂದು ಅವರು ಹೇಳಿಯಾರು. ತಾಂಡಾಗಳಿಗೆ ಹೋದರೆ ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್ ಯಾರ ಮನೆಯಲ್ಲಿದೆ ನೋಡಿ. ಇಲ್ಲಿ ಒಂದೇ ಮನೆಯಲ್ಲಿ ಕನ್ನಡ ಧಾರಾವಾಹಿ, ತೆಲುಗು ಸಿನಿಮಾ, ಹಿಂದಿ ಸುದ್ದಿ ಮೂರೂ ನಡೆಯುತ್ತವೆ. ಗಡಿಯ ಕಡೆ ಮರಾಠಿಯೂ ಸೇರುತ್ತದೆ. ‘ಕನ್ನಡ ವೀಕ್ಷಕ’ ಎಂದು ಒಬ್ಬನನ್ನು ಊಹಿಸಿಕೊಂಡು ಬರೆದರೆ ಈ ಮನೆ ನಿಮ್ಮ ಪುಟದಲ್ಲಿ ಸಿಗುವುದಿಲ್ಲ.

ಚಿತ್ತಾಪುರದ ಹುಡುಗಿ ವಿಷಯ ಬದಲಿಸಿದ್ದಾಳೆ. ಅವಳ ಊರಿನ ಮೊದಲ ಟಿವಿ ಮೇಲೆ ಮಾತ್ರ ಪ್ರಾಜೆಕ್ಟ್. ಮುತ್ಯಾನ ಮಾತನ್ನು ಎರಡು ಸಲ ರೆಕಾರ್ಡ್ ಮಾಡಿದ್ದಾಳೆ. ಎರಡನೇ ಸಲ ಅವರು ಹೊಸದೊಂದು ಹೇಳಿದರಂತೆ: ಟಿವಿ ಇಟ್ಟ ಕೋಣೆಯ ಕೀಲಿ ಒಬ್ಬ ಮಾಸ್ತರರ ಹತ್ತಿರ ಇರುತ್ತಿತ್ತು, ಅವರು ಬರುವವರೆಗೆ ಊರೆಲ್ಲ ಅಂಗಳದಲ್ಲಿ ಕಾಯುತ್ತಿತ್ತು. ಆ ಮಾಸ್ತರರ ಮನೆಯವರು ಈಗ ಸೇಡಂನಲ್ಲಿದ್ದಾರೆ ಎಂದು ಪತ್ತೆ ಮಾಡಿದ್ದಾಳೆ. ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೊರಡುತ್ತಾಳೆ. ನಾನೂ ಜೊತೆಗೆ ಹೋಗುತ್ತಿದ್ದೇನೆ.