ಸರ್ವರ್ ಯಾಕೆ ಬಿತ್ತು? ಕಾರಣ ಹುಡುಕಿದವರ ಕಥೆ

ಕಾರವಾರದಲ್ಲಿ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರದ ಮನೆಯೊಂದರಲ್ಲಿ ನಮ್ಮ ಸರ್ವರ್ ಇತ್ತು. ದೊಡ್ಡದೇನಲ್ಲ, ಯಾರೋ ಕೊಟ್ಟ ಹಳೆಯ ಕಂಪ್ಯೂಟರ್. ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಕನ್ನಡ ಫಾಂಟ್‌ಗಳನ್ನು, ಪದಪಟ್ಟಿಗಳನ್ನು ಐದಾರು ಜನ ಸೇರಿ ಅದರಲ್ಲಿ ಇಟ್ಟಿದ್ದೆವು. ಮಳೆಗಾಲ ಹಿಡಿಯಿತು ಅಂದರೆ ಅದು ಹ್ಯಾಂಗ್ ಆಗುತ್ತಿತ್ತು. ಕೆಲವೊಮ್ಮೆ ದಿನಕ್ಕೆರಡು ಸಲ, ಕೆಲವೊಮ್ಮೆ ವಾರವಿಡೀ ಏನೂ ಇಲ್ಲ. ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ಒಬ್ಬರು ಕರೆಂಟ್ ಅಂದರು, ಇನ್ನೊಬ್ಬರು ಅಪ್‌ಡೇಟ್ ಅಂದರು.

ಪೂರ್ತಿ ಸತ್ತ ಯಂತ್ರದ ಕಾಯಿಲೆ ಹಿಡಿಯೋದು ಸುಲಭ. ಆಗಾಗ ಕೈಕೊಡುವುದರದ್ದೇ ಕಷ್ಟ. ಕಂಪನಿಯಲ್ಲಾದರೆ ರಾತ್ರಿಪಾಳಿಗೆ ಒಬ್ಬರಿರುತ್ತಾರೆ. ನಮ್ಮಲ್ಲಿ ಒಬ್ಬ ಶಿರಸಿಯಲ್ಲಿ ಪಾಠ ಮಾಡುತ್ತಾನೆ, ಇನ್ನೊಬ್ಬಳಿಗೆ ಚಿಕ್ಕ ಮಗು. ಬಿದ್ದಾಗ ನೋಡಿದವರೇ ಇಲ್ಲ. ನೋಡುವಷ್ಟರಲ್ಲಿ ಯಾರೋ ರೀಸ್ಟಾರ್ಟ್ ಮಾಡಿ ಸಾಕ್ಷಿ ಅಳಿಸಿರುತ್ತಾರೆ.

ಈ ತಾಪತ್ರಯ ಹಳೆಯದು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಮೈಕ್ ಮೂಸ್ ಒಂದು ಸಂಜೆ ಕೂತು 'ಪಿಂಗ್' ಬರೆದರು. ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದೆಯೇ ಅಂತ ಕೂಗಿ ನೋಡುವ ಪುಟ್ಟ ಪ್ರೋಗ್ರಾಂ ಅದು. ನೆಟ್‌ವರ್ಕ್ ಸರಿಯಾಗಿ ನಡೆಯುತ್ತಿರಲಿಲ್ಲ, ಅದಕ್ಕೆ. ನೀರಿನೊಳಗೆ ಸದ್ದು ಕಳಿಸಿ ಪ್ರತಿಧ್ವನಿಯಿಂದ ವಸ್ತು ಪತ್ತೆಹಚ್ಚುವ ಸೋನಾರ್‌ನ ಸದ್ದಿನಿಂದ ಆ ಹೆಸರು ಬಂತು. ನೌಕಾನೆಲೆ ಇರುವ ನಮ್ಮೂರಿನವರಿಗೆ ಸೋನಾರ್ ಹೊಸದಲ್ಲ ಅಲ್ವಾ! ಆದರೆ ಪಿಂಗ್ ಹೇಳೋದು ಈ ಕ್ಷಣದ ಸುದ್ದಿ ಮಾತ್ರ. ನಿನ್ನೆ ರಾತ್ರಿ ಏನಾಯಿತು ಅನ್ನೋದಕ್ಕೆ ದಾಖಲೆ ಬೇಕು. 1995ರಲ್ಲಿ ಬಂದ ಎಂಆರ್‌ಟಿಜಿ ಅನ್ನುವ ಸಾಧನ ನೆಟ್‌ವರ್ಕ್ ದಟ್ಟಣೆಯನ್ನು ಗ್ರಾಫ್ ಮಾಡಿ ಇಟ್ಟಿತು. 1999ರ ನೆಟ್‌ಸೇಂಟ್ ಸರ್ವರ್‌ಗಳನ್ನು ಕಾಯತೊಡಗಿತು. ಅದೇ ಮುಂದೆ ನಾಗಿಯೋಸ್ ಆಯಿತು. ಇವೆಲ್ಲ ಓಪನ್ ಸೋರ್ಸ್ ಸಾಧನಗಳೇ.

ಆದರೂ ಕಾವಲಿನ ಕಣ್ಣು ತಪ್ಪುತ್ತದೆ. 2013ರ ಮಾರ್ಚ್‌ನಲ್ಲಿ ಕೆಡಿಇ ಅನ್ನುವ ದೊಡ್ಡ ಓಪನ್ ಸೋರ್ಸ್ ತಂತ್ರಾಂಶ ಯೋಜನೆಗೆ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಸುಮಾರು 1,500 ಗಿಟ್ ರೆಪೊಸಿಟರಿಗಳು, ಅಂದರೆ ಕೋಡನ್ನೂ ಅದರ ಬದಲಾವಣೆಗಳನ್ನೂ ಇಡುವ ಕಣಜಗಳು, ಒಂದು ಮುಖ್ಯ ಸರ್ವರ್‌ನಲ್ಲಿದ್ದವು. ಭದ್ರತೆಯ ಅಪ್‌ಡೇಟ್‌ಗೆಂದು ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರು. ನೋಡಿದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ ಕೆಟ್ಟಿದೆ. ಬೇರೆಡೆ ಇದ್ದ ಮಿರರ್‌ಗಳು, ಅಂದರೆ ತದ್ರೂಪಿ ಪ್ರತಿ ಇಡುವ ಸರ್ವರ್‌ಗಳು, ಕಾಪಾಡುತ್ತವೆ ಅಂತ ಎಲ್ಲರ ನಂಬಿಕೆ. ಆದರೆ ಮಿರರ್‌ಗಳ ಕೆಲಸ ಅಂದರೆ ಮುಖ್ಯ ಸರ್ವರ್ ಮಾಡಿದ್ದನ್ನೇ ಮಾಡೋದು. ಅಲ್ಲಿ ಕೆಟ್ಟದ್ದು ಇಲ್ಲೂ ಕೆಟ್ಟಿತು, ಅಲ್ಲಿ ಕಾಣದ್ದನ್ನು ಇಲ್ಲೂ ಅಳಿಸಿದವು. ಒಂದೇ ಒಂದು ಸರ್ವರ್‌ನಲ್ಲಿ ಸರಿಯಾದ ಪ್ರತಿ ಉಳಿದಿತ್ತು. ಇಷ್ಟು ಜನರ ವರ್ಷಗಟ್ಟಲೆ ಶ್ರಮ ಆ ಒಂದು ಪ್ರತಿಯ ಮೇಲೆ ನಿಂತಿತ್ತು ಅನ್ನೋದನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಎಷ್ಟು ದಿನ ನಿಲ್ಲದೆ ಓಡಿತು ಅನ್ನೋದು ನಮ್ಮಂಥವರಿಗೆ ಹೆಮ್ಮೆ. ಪಕ್ಕದ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಕೊನೆಯ ದಿನಕ್ಕೆ ಸತತ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿತ್ತು. ಅಲ್ಲಿ ಹಗಲುರಾತ್ರಿ ಮೀಟರ್ ನೋಡುವವರಿದ್ದಾರೆ. ಯಾರೂ ನೋಡದ ಸರ್ವರ್ ಸುಮ್ನೆ ಓಡುತ್ತಿದ್ದರೆ ಒಳಗೇನು ಕೆಡುತ್ತಿದೆ ಅನ್ನೋದು ರೀಬೂಟ್ ದಿನವೇ ಗೊತ್ತಾಗೋದು.

ನಾವೂ ಬರೆದಿಡಲು ಶುರು ಮಾಡಿದೆವು. ಇನ್ನೊಂದು ಮನೆಯಿಂದ ನಿಮಿಷಕ್ಕೊಮ್ಮೆ ಪಿಂಗ್, ಜೊತೆಗೊಂದು ನೋಟ್‌ಬುಕ್: ತಾರೀಕು, ಹೊತ್ತು, ಮಳೆ ಇತ್ತೇ, ಕರೆಂಟ್ ಹೋಗಿತ್ತೇ. ಆರು ವಾರಕ್ಕೆ ಚಿತ್ರ ಮೂಡಿತು. ಕರೆಂಟ್ ಹೋದದ್ದಕ್ಕೂ ಹ್ಯಾಂಗ್ ಆದದ್ದಕ್ಕೂ ತಾಳೆಯಿಲ್ಲ. ಜಡಿಮಳೆಯ ದಿನಗಳಲ್ಲೇ ಜಾಸ್ತಿ. ಡಿಸ್ಕ್ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಅನ್ನು ರಾತ್ರಿಯಿಡೀ ಓಡಲು ಬಿಟ್ಟೆವು. ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು, ಅಂದರೆ ತಪ್ಪುಗಳು.

ರ‍್ಯಾಮ್, ಅಂದರೆ ಆ ಮೆಮೊರಿಯ ಬಿಲ್ಲೆಯನ್ನು ಕಿತ್ತು ಬೆಳಕಿಗೆ ಹಿಡಿದೆವು. ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದವು. ಮೂಲೆಯ ಎರಡಕ್ಕೆ ಹಸಿರು ಕಿಲುಬು ಹಿಡಿದಿತ್ತು. ದೇವರಮನೆಯ ಹಿತ್ತಾಳೆ ತಂಬಿಗೆಗೆ ಹಿಡಿಯುತ್ತದಲ್ಲ, ಅದೇ. ಉಪ್ಪುಗಾಳಿಯ ಕೆಲಸ. ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒರೆಸಿ, ಮತ್ತೆ ಹಾಕಿದೆವು. ಮರುರಾತ್ರಿ ಒಂದೂ ಕೆಂಪು ಸಾಲಿಲ್ಲ.

ಈಚೆಗೆ ಇನ್ನೊಂದು ಕಾಟ ಸೇರಿದೆ. ಎಐಗೆಂದು ಪುಟಗಳನ್ನು ತಾವಾಗಿಯೇ ಬಾಚಿಕೊಳ್ಳುವ ಪ್ರೋಗ್ರಾಂಗಳು, ಅಂದರೆ ಬಾಟ್‌ಗಳು, ಓಪನ್ ಸೋರ್ಸ್ ಸರ್ವರ್‌ಗಳ ಮೇಲೆ ಮುಗಿಬೀಳುತ್ತಿವೆ. 2025ರಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ರೂಪಿಸುವ ಗ್ನೋಮ್‌ನಂಥ ದೊಡ್ಡ ಯೋಜನೆಯೂ ಅವನ್ನು ತಡೆಯಲು ಅನುಬಿಸ್ ಅನ್ನುವ ಸಾಧನ ಹಾಕಿಕೊಂಡಿತು. ನಮ್ಮ ನೋಟ್‌ಬುಕ್ಕಿನಲ್ಲಿ ಈಗ ಮಳೆಯ ಪಕ್ಕದಲ್ಲೇ 'ಬಾಟ್' ಅಂತ ಹೊಸ ಅಂಕಣ ಎಳೆದಿದ್ದೇವೆ.